ಕನಸಿನ ಚಿತ್ರ ಅಂತ ಮಾರಿದ್ದು ಪ್ರಿಂಟ್: ಕೊಳ್ಳುವ ಮುಂಚೆ ಇದನ್ನು ಓದಿ

ಕಲಾವಿದರೊಬ್ಬರ ಕನಸಿನಿಂದ ಹುಟ್ಟಿದ ಚಿತ್ರಗಳು ಅಂತ ನಡೆದ ಒಂದು ಪ್ರದರ್ಶನದಲ್ಲಿ ನಾನು ದೊಡ್ಡದೊಂದು ಚಿತ್ರ ಕೊಂಡೆ. ಕೈಯಿಂದ ಬಿಡಿಸಿದ್ದು, ಇದೊಂದೇ ಇರುವುದು ಅಂತ ಹೇಳಿ ಕೊಟ್ಟರು. ಅದು ಕ್ಯಾನ್ವಾಸ್ ಮೇಲೆ ಮಾಡಿದ ಪ್ರಿಂಟ್. ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಇದೇ ಚಿತ್ರಗಳು ಬೇರೆ ಹೆಸರಿನಲ್ಲಿ ಇನ್ನೊಂದು ಕಡೆ ಮಾರಾಟಕ್ಕೆ ಬರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಹಾಲ್ ಒಳಗೆಲ್ಲ ಕತ್ತಲು. ಒಂದೊಂದು ಚಿತ್ರಕ್ಕೂ ಒಂದೇ ದೀಪ, ಅದೂ ಎದುರಿನಿಂದ. ಮುಂದೆ ಹಗ್ಗ ಕಟ್ಟಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದರು, ಕಲಾವಿದರು ನಿದ್ದೆಯಿಂದ ಎದ್ದ ಕೂಡಲೇ ಗೀಚಿದ್ದಂತೆ. ನೀರಲ್ಲಿ ಮುಳುಗಿದ ಮನೆ, ಒಳಗೆ ಉರಿಯುತ್ತಲೇ ಇರುವ ದೀಪ, ಮೆಟ್ಟಿಲ ಮೇಲೆ ಒಬ್ಬಳೇ ನಿಂತ ಹುಡುಗಿ. ಕಲ್ಪನೆ ಚೆನ್ನಾಗಿತ್ತು, ಈಗಲೂ ಹಾಗೇ ಅನ್ನುತ್ತೇನೆ.

ಇದು ಎಣ್ಣೆ ಬಣ್ಣವೋ ಅಕ್ರಿಲಿಕ್ಕೋ ಅಂತ ಕೇಳಿದೆ. "ಮೊದಲು ಕನಸನ್ನು ಅನುಭವಿಸಿ" ಅಂದರು ಮಾರುವವರು. ಹತ್ತಿರದಿಂದ ನೋಡಬಹುದಾ ಅಂದೆ. "ಬೇಡ, ಹತ್ತಿರ ಹೋದರೆ ಆ ಭಾವ ಒಡೆಯುತ್ತೆ." ಒರಿಜಿನಲ್ ತಾನೇ ಅಂದೆ. "ನೂರಕ್ಕೆ ನೂರು. ಅದೇ ಕನಸು ಎರಡು ಸಲ ಬೀಳುತ್ತಾ?" ನಾನು ಕೇಳಿದ್ದು ವಸ್ತುವಿನ ಬಗ್ಗೆ. ಬಂದ ಉತ್ತರಗಳೆಲ್ಲ ಕನಸಿನ ಬಗ್ಗೆ. ಮೋಸ ನಡೆದಿದ್ದು ಸರಿಯಾಗಿ ಇಲ್ಲೇ. ಕನಸನ್ನು ಯಾರೂ ಪರೀಕ್ಷೆ ಮಾಡಲಾಗದು. ಕ್ಯಾನ್ವಾಸ್ ಅನ್ನು ಮಾಡಬಹುದು, ಅಲ್ವಾ?

ಗೊತ್ತಾಗಿದ್ದು ಫ್ರೇಮ್ ಹಾಕುವವರ ಹತ್ತಿರ ಕೊಟ್ಟಾಗ. ಅವರು ಚಿತ್ರವನ್ನು ಕಿಟಕಿಯ ಪಕ್ಕ ಓರೆಯಾಗಿ ಹಿಡಿದರು. ಪಕ್ಕದಿಂದ ಬೆಳಕು ಬಿದ್ದಾಗ ಮೇಲಿನ ಕುಂಚದ ಗೆರೆಗಳು ಎದ್ದು ಕಂಡವು. ಆದರೆ ಗೆರೆ ಒಂದು ಕಡೆ ಹೋಗುತ್ತಿತ್ತು, ಕೆಳಗಿನ ಬಣ್ಣ ಇನ್ನೊಂದು ಕಡೆ. ನೀಲಿ ಮುಗಿದು ಹಳದಿ ಶುರುವಾಗುವ ಜಾಗದಲ್ಲೂ ಗೆರೆ ನಿಲ್ಲದೆ ಹಾದುಹೋಗಿತ್ತು. ಅಂದರೆ ಕೈಯಿಂದ ಬಿಡಿಸಿದ್ದರ ಹಾಗೆ ಕಾಣಲಿ ಅಂತ ಪ್ರಿಂಟ್ ಮೇಲೆ ಬಣ್ಣವಿಲ್ಲದ ಜೆಲ್ ಬಳಿದಿದ್ದರು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇಟ್ಟು ಹುಡುಗಿಯ ಮುಖ ನೋಡಿದರೆ ಬರೀ ಶಾಯಿಯ ಚುಕ್ಕೆಗಳು. ತೆಳು ಬಣ್ಣದ ಜಾಗದಲ್ಲಿ ಈ ಚುಕ್ಕೆಗಳು ಬೇಗ ಸಿಗುತ್ತವೆ, ಗಾಢ ಬಣ್ಣದಲ್ಲಿ ಹುಡುಕಬೇಡಿ. ಕ್ಯಾನ್ವಾಸ್‌ನ ಹಿಂಬದಿ, ಅಂಚು ಎರಡೂ ಒಂದು ಕಲೆಯಿಲ್ಲದೆ ಸ್ವಚ್ಛವಾಗಿದ್ದವು. ನಿಜವಾದ ಚಿತ್ರದಲ್ಲೂ ಹಾಗಿರಬಹುದು, ಹಾಗಾಗಿ ಅದೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ.

ಬಿಲ್ ತೆಗೆದು ನೋಡಿದೆ. 'ಮಿಕ್ಸೆಡ್ ಮೀಡಿಯಾ ಆನ್ ಕ್ಯಾನ್ವಾಸ್' ಅಂತ ಬರೆದಿತ್ತು. ಒಂದಕ್ಕಿಂತ ಜಾಸ್ತಿ ಸಾಮಗ್ರಿ ಬಳಸಿದ ಕೃತಿಗೆ ಹಾಗೆ ಬರೆಯುವುದು ವಾಡಿಕೆ, ಅದರಲ್ಲಿ ತಪ್ಪಿಲ್ಲ. ಇಲ್ಲಿ ಆ ಸಾಮಗ್ರಿ ಪ್ರಿಂಟರ್‌ನ ಶಾಯಿ ಮತ್ತು ಜೆಲ್. ಫೋನ್ ಮಾಡಿದರೆ, "ಕಲಾವಿದರು ಪ್ರತಿಯೊಂದಕ್ಕೂ ಕೈ ಆಡಿಸಿದ್ದಾರೆ, ಹಾಗಾಗಿ ಒರಿಜಿನಲ್ಲೇ" ಅಂದರು. ಪ್ರತಿಯೊಂದಕ್ಕೂ! ಒಂದೇ ಅಂದವರ ಬಾಯಿಂದಲೇ ಈ ಮಾತು. ಹಾಲ್‌ನವರನ್ನು ಕೇಳಿದರೆ, ನಾವು ಜಾಗ ಬಾಡಿಗೆಗೆ ಕೊಟ್ಟಿದ್ದಷ್ಟೇ ಅಂದರು.

ಸಹಿ ಇರುವ ಪ್ರಮಾಣಪತ್ರವೂ ಇತ್ತು. 'ಈ ಕೃತಿ ಅಧಿಕೃತ' ಅಂತಷ್ಟೇ ಅದರಲ್ಲಿದೆ, ಒಂದೇ ಅಂತ ಎಲ್ಲೂ ಇಲ್ಲ. ಸಹಿ ನೋಡಿ ಸುಮ್ನೆ ನಂಬುವ ಹಾಗಿಲ್ಲ. ಕನಸಿನಂಥ ಚಿತ್ರಗಳಿಗೆ ಹೆಸರಾದ ಸಾಲ್ವಡಾರ್ ಡಾಲಿ ಖಾಲಿ ಹಾಳೆಗಳಿಗೂ ಸಹಿ ಹಾಕಿ ಕೊಡುತ್ತಿದ್ದರು. 1974ರಲ್ಲಿ ಫ್ರಾನ್ಸ್ ಗಡಿಯಲ್ಲಿ ತಡೆದ ಒಂದು ಗಾಡಿಯಲ್ಲಿ ಅಂಥ ಸುಮಾರು 40,000 ಹಾಳೆಗಳು ಸಿಕ್ಕಿದ್ದವು.

ಪ್ರಿಂಟ್ ಕೊಳ್ಳುವುದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಕಲಾವಿದರು ಪ್ರಿಂಟ್ ಅಂತಲೇ ಹೇಳಿ, 12/100 ಅಂತ, ಅಂದರೆ ನೂರು ಪ್ರತಿಗಳಲ್ಲಿ ಹನ್ನೆರಡನೆಯದು ಅಂತ ಸಂಖ್ಯೆ ಹಾಕಿ, ಅದಕ್ಕೆ ತಕ್ಕ ಬೆಲೆಗೆ ಮಾರುತ್ತಾರೆ. ಕೊಳ್ಳುವವರಿಗೆ ಏನು ಸಿಗುತ್ತಿದೆ ಅಂತ ಗೊತ್ತಿರುತ್ತದೆ.

ಇನ್ನು, ಹತ್ತಿರ ಹೋದರೆ ಭಾವ ಒಡೆಯುತ್ತೆ ಅನ್ನುವುದು ಶುದ್ಧ ಸುಳ್ಳು. ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1525ರ ಜೂನ್‌ನಲ್ಲಿ ಆಕಾಶದಿಂದ ನೀರು ಸುರಿಯುವ ಕನಸು ಕಂಡು, ಬೆಳಗ್ಗೆ ಎದ್ದು ಜಲವರ್ಣದಲ್ಲಿ ಬಿಡಿಸಿದರು. ಮೈ ನಡುಗಿದ್ದನ್ನೂ ಅದೇ ಹಾಳೆಯ ಕೆಳಗೆ ಬರೆದಿಟ್ಟರು. ಅಮೆರಿಕದ ಕಲಾವಿದ ಜಾಸ್ಪರ್ ಜಾನ್ಸ್ 1954ರಲ್ಲಿ ತಮ್ಮ ದೇಶದ ಧ್ವಜ ಬಿಡಿಸುತ್ತಿರುವ ಹಾಗೆ ಕನಸು ಕಂಡು, ಆಮೇಲೆ ಮೇಣ ಬೆರೆಸಿದ ಬಣ್ಣದಲ್ಲಿ ಅದನ್ನು ನಿಜವಾಗಿಯೂ ಮಾಡಿದರು. ಹತ್ತಿರ ಹೋದಷ್ಟೂ ಮೇಣದ ಅಡಿಯಲ್ಲಿ ಅಂಟಿಸಿದ ಪತ್ರಿಕೆಯ ಚೂರುಗಳು ಕಾಣುತ್ತವೆ. ಆ ಚಿತ್ರದ ಸೊಗಸೇ ಅದು.

ಇಂಥ ಪ್ರದರ್ಶನಕ್ಕೆ ಹೋಗಿ, ಖಂಡಿತ ಹೋಗಿ. ಕೊಳ್ಳುವ ಮನಸ್ಸಾದರೆ ಚಿತ್ರವನ್ನು ಗೋಡೆಯಿಂದ ಇಳಿಸಿ, ಹಗಲು ಬೆಳಕಿಗೆ ತರಿಸಿ ನೋಡಿ. ಇಳಿಸಲ್ಲ ಅಂದರೆ ಅಲ್ಲಿಗೆ ಬಿಡಿ. ಎರಡು ಸಾಲನ್ನು ಬಿಲ್ ಮೇಲೆಯೇ ಬರೆಸಿಕೊಳ್ಳಿ: ಇದರ ಯಾವ ಭಾಗವೂ ಪ್ರಿಂಟ್ ಮಾಡಿದ್ದಲ್ಲ, ಇದರ ಇನ್ನೊಂದು ಪ್ರತಿ ಇಲ್ಲ. ಕಲಾವಿದರ ಹೆಸರು, ವರ್ಷ, ಅಳತೆ, ಬಳಸಿದ ಬಣ್ಣ ಕೂಡ ಇರಲಿ. ಬಾಯಲ್ಲಿ ಹೇಳಿದ್ದನ್ನು ಬರೆದುಕೊಡಲು ಹಿಂದೆಮುಂದೆ ನೋಡಿದರೆ ದುಡ್ಡು ಕೊಡಬೇಡಿ. ಈಗಾಗಲೇ ಕೊಂಡಿದ್ದರೆ ಬಿಲ್, ಪ್ರಮಾಣಪತ್ರ, ಮೆಸೇಜ್‌ಗಳನ್ನೆಲ್ಲ ಜೋಪಾನವಾಗಿ ಇಟ್ಟು, ಚುಕ್ಕೆಗಳು ಕಾಣುವ ಹಾಗೆ ಫೋಟೋ ತೆಗೆದುಕೊಂಡು, ಲಿಖಿತವಾಗಿಯೇ ದೂರು ಕೊಡಿ. ನಾನೂ ಹಾಗೇ ಕೊಟ್ಟಿದ್ದೇನೆ.