63/37 ಸೋಲ್ಡರ್ ವೈರ್: ಆರು ವರ್ಷ, ಆರು ರೀಲುಗಳ ಅನುಭವ

ಶಿವಮೊಗ್ಗದಲ್ಲಿ ಯುಪಿಎಸ್, ಆಂಪ್ಲಿಫೈಯರ್‌ಗಳನ್ನು ರಿಪೇರಿ ಮಾಡುವ ಸಣ್ಣ ಅಂಗಡಿ ನನ್ನದು. ತವರ 63 ಪಾಲು, ಸೀಸ 37 ಪಾಲು ಇರುವ, ಒಡಲಲ್ಲಿ ರೋಸಿನ್ ಫ್ಲಕ್ಸ್ (ಲೋಹವನ್ನು ಶುಚಿಮಾಡುವ ಮರದ ರಾಳ) ತುಂಬಿದ 22 ಗೇಜಿನ ಸೋಲ್ಡರ್ ವೈರನ್ನು, ಅಂದರೆ ಬೆಸುಗೆಯ ತಂತಿಯನ್ನು, ಆರು ವರ್ಷಗಳಿಂದ ಬಳಸುತ್ತಿದ್ದೇನೆ. ಅರ್ಧ ಕಿಲೋ ರೀಲು ನನಗೆ ಸುಮಾರು ಒಂದು ವರ್ಷ ಬರುತ್ತದೆ.

ಅದಕ್ಕೂ ಮೊದಲು, ಬೆಲೆ ಕಡಿಮೆಯೆಂಬ ಕಾರಣಕ್ಕೆ 60/40 ತರುತ್ತಿದ್ದೆ. ಕಾಗದದ ಮೇಲೆ ಮೂರು ಪಾಲಿನ ವ್ಯತ್ಯಾಸವಷ್ಟೇ. ಕೆಲಸದಲ್ಲಿ ಅದು ಚಿಕ್ಕದಲ್ಲ. 63/37 ಸರಿಯಾಗಿ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, ಅದೇ ಬಿಂದುವಿನಲ್ಲಿ ಒಮ್ಮೆಲೇ ಗಟ್ಟಿಯಾಗುತ್ತದೆ. 60/40 ಪೂರ್ತಿ ಕರಗಲು ಸುಮಾರು 190 ಡಿಗ್ರಿ ಬೇಕು, ಆರುವಾಗ ಆ ಏಳು ಡಿಗ್ರಿಯ ಅಂತರದಲ್ಲಿ ಅಂಬಲಿಯಂತೆ ಇರುತ್ತದೆ. ದೊಡ್ಡ ಕೆಪಾಸಿಟರಿನ ಕಾಲನ್ನು ಒಂದು ಕೈಯಲ್ಲಿ ಹಿಡಿದು ಬೆಸೆಯುವಾಗ ಆ ಗಳಿಗೆಯಲ್ಲಿ ಕೈ ಸ್ವಲ್ಪ ಅಲುಗಿದರೂ ಒಳಗೆ ಬಿರುಕು ಬಿದ್ದು, ಕೆಲವು ತಿಂಗಳ ನಂತರ ಅದೇ ಬೋರ್ಡು 'ಡ್ರೈ ಸೋಲ್ಡರ್' ಆಗಿ ಅಂಗಡಿಗೆ ಮರಳುತ್ತದೆ. ವೈರು ಬದಲಿಸಿದ ಮೇಲೆ ಹೀಗೆ ಮರಳುವ ಬೋರ್ಡುಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು. ಎರಡು ತಂತಿಗಳನ್ನು ಹೊಸೆದು ಬೆಸೆಯುವಂಥ ಕೆಲಸಕ್ಕೆ 60/40 ಈಗಲೂ ಸಾಕು.

ಸೀಸರಹಿತ ವೈರನ್ನೂ ಒಂದು ವರ್ಷ ಪರೀಕ್ಷಿಸಿದೆ. ಯುರೋಪಿನಲ್ಲಿ 2006ರ ಜುಲೈ 1ರಿಂದ, ನಮ್ಮಲ್ಲಿ 2014ರ ಮೇ 1ರಿಂದ ಹೊಸ ಉಪಕರಣಗಳಲ್ಲಿ ಸೀಸಕ್ಕೆ ಮಿತಿ ಬಂದಿರುವುದರಿಂದ, ಇಂದು ರಿಪೇರಿಗೆ ಬರುವ ಬಹುಪಾಲು ಬೋರ್ಡುಗಳು ಅದರಲ್ಲೇ ಬೆಸೆದವು. ನಾನು ತಂದದ್ದು ತವರ 96.5, ಬೆಳ್ಳಿ 3, ತಾಮ್ರ 0.5 ಪಾಲಿನದು; ಅದು ಕರಗುವುದು 217ರಿಂದ 220 ಡಿಗ್ರಿಯಲ್ಲಿ. ಬಿಟ್ಟಿನ (ಸೋಲ್ಡರಿಂಗ್ ಐರನ್ನಿನ ತುದಿಯ) ಶಾಖವನ್ನು ಏರಿಸಲೇಬೇಕು, ತವರದ ಪಾಲು ಹೆಚ್ಚಿರುವುದರಿಂದ ಬಿಟ್ಟಿನ ಕಬ್ಬಿಣದ ಲೇಪವೂ ಬೇಗ ಸವೆಯುತ್ತದೆ. ಬೆಸುಗೆ ಮಂಕಾಗಿಯೇ ಕಾಣುವುದರಿಂದ, ಹೊಳಪು ನೋಡಿ ಗುಣ ಹೇಳುವ ನನ್ನ ಹಳೆಯ ಕಣ್ಣು ಮೋಸಹೋಯಿತು. ಆದರೂ ಅದನ್ನು ಕೀಳೆನ್ನಲಾರೆ. ಕುಡಿಯುವ ನೀರಿನ ಪೈಪಿಗಾಗಲಿ ಅಡುಗೆಯ ಪಾತ್ರೆಗಾಗಲಿ ಸೀಸ ಸೋಕಲೇಬಾರದು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಹಿಂದಿನಿಂದಲೂ ತವರವನ್ನೇ ನೆಚ್ಚಿಕೊಂಡವರು. ಅವರು ಉಜ್ಜುವ ನವಸಾಗರ ಮಾಡುವುದೂ ನಮ್ಮ ಫ್ಲಕ್ಸ್ ಮಾಡುವ ಕೆಲಸವನ್ನೇ, ಅಂದರೆ ಲೋಹದ ಮೇಲಿನ ಆಕ್ಸೈಡ್ ಪೊರೆಯನ್ನು ತೆಗೆಯುವುದು. ಅಲ್ಯೂಮಿನಿಯಂನ ಪೊರೆಗೆ ರೋಸಿನ್ ಏನೂ ಮಾಡಲಾರದು. ಆ ತಂತಿಯ ವೈಂಡಿಂಗ್ ತಂದವರನ್ನು ನಾನು ಹಿಂದಕ್ಕೆ ಕಳಿಸುತ್ತೇನೆ.

138 ಡಿಗ್ರಿಯಲ್ಲೇ ಕರಗುವ ಬಿಸ್ಮತ್-ತವರದ ವೈರು ಐಸಿ (ಚಿಪ್) ಬಿಚ್ಚಲು ಅನುಕೂಲ. ಆದರೆ ಬಿಚ್ಚಿದ ಜಾಗವನ್ನು ವಿಕ್‌ನಿಂದ (ಕರಗಿದ ಸೋಲ್ಡರನ್ನು ಹೀರುವ ತಾಮ್ರದ ಹೆಣಿಗೆಯಿಂದ) ಪೂರ್ತಿ ಒರೆಸದೆ ಅದರ ಮೇಲೆ 63/37 ಹಾಕಬೇಡಿ. ಬಿಸ್ಮತ್, ಸೀಸ, ತವರ ಮೂರೂ ಸೇರಿದರೆ ಸುಮಾರು 96 ಡಿಗ್ರಿಯಲ್ಲೇ ಕರಗಬಲ್ಲ ಮಿಶ್ರಲೋಹವಾಗುತ್ತದೆ. ಹೀಟ್‌ಸಿಂಕ್ (ಶಾಖ ಹೊರಹಾಕುವ ಲೋಹದ ತುಂಡು) ಪಕ್ಕದ ಒಂದು ಪಿನ್ನು ಹೀಗೆ ಸಡಿಲವಾಗಿ, ಗ್ರಾಹಕರಿಗೆ ಬೋರ್ಡಿನ ಬೆಲೆಯನ್ನೇ ಕೊಟ್ಟು ನಾನಿದನ್ನು ಕಲಿತೆ.

ಆರು ರೀಲುಗಳಲ್ಲಿ ಒಂದು ಕೆಟ್ಟದಿತ್ತು. ಲೇಬಲ್ಲಿನ ಮೇಲೆ 63/37 ಎಂದಿದ್ದರೂ ಕರಗಲು ಹೆಚ್ಚು ಶಾಖ ಬೇಡುತ್ತಿತ್ತು, ಆರುವಾಗ ಅಂಬಲಿಯಾಗುತ್ತಿತ್ತು, ಫ್ಲಕ್ಸ್ ಕಪ್ಪು ಮಸಿಯಾಗಿ ಉಳಿಯುತ್ತಿತ್ತು. ಅಂದಿನಿಂದ ಹೊಸ ರೀಲು ಬಂದೊಡನೆ ತಗಡಿನ ಮೇಲೆ ಒಂದು ಹನಿ ಕರಗಿಸಿ ಅದು ಹೇಗೆ ಗಟ್ಟಿಯಾಗುತ್ತದೆಂದು ನೋಡುತ್ತೇನೆ. ಅಸಲಿಯಾದರೆ ಹನಿಯೆಲ್ಲ ಒಮ್ಮೆಗೇ ನಿಲ್ಲುತ್ತದೆ.

ಹೊಗೆಯಲ್ಲಿ ಸೀಸವಿದೆಯೆಂದು ಹಲವರು ಹೆದರುತ್ತಾರೆ. ನಾವು ಬಳಸುವ ಶಾಖದಲ್ಲಿ ಏಳುವ ಹೊಗೆ ಬಹುಮಟ್ಟಿಗೆ ರೋಸಿನ್ನಿನದು, ಅದೂ ಉಬ್ಬಸಕ್ಕೆ ಕಾರಣವಾಗಬಲ್ಲದು; ಫ್ಯಾನ್ ಇಟ್ಟುಕೊಳ್ಳಬೇಕು. ಸೀಸ ದೇಹಕ್ಕೆ ಸೇರುವುದು ಕೈಯಿಂದ ಬಾಯಿಗೆ. ಮೂರನೆಯ ಕೈಯಿಲ್ಲವೆಂದು ವೈರನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಅಭ್ಯಾಸ ನನಗೂ ಇತ್ತು. ಈಗ ಮೇಜಿಗೆ ಕ್ಲಿಪ್ ಹಾಕಿದ್ದೇನೆ, ಚಹಾ ಬಂದರೆ ಮೊದಲು ಸೋಪು ಹಚ್ಚಿ ಕೈ ತೊಳೆಯುತ್ತೇನೆ.