"ಡಿವೋರ್ಸ್ ಆದ್ರೆ ಗ್ರೀನ್ ಕಾರ್ಡ್ ಹೋಗುತ್ತೆ" ಅಂತ ಹೆದರಿಸಿದರೆ ನಂಬಬೇಡಿ

ಅಮೆರಿಕದಲ್ಲಿ ಸಿಟಿಜನ್ ಒಬ್ಬರನ್ನು ಮದುವೆಯಾಗಿ, ಎರಡು ವರ್ಷದ ಗ್ರೀನ್ ಕಾರ್ಡ್ (ಅಲ್ಲಿ ನೆಲೆಸಲು ಕೊಡುವ ಕಾರ್ಡ್) ಮೇಲೆ ಇರುವವರು ಇದನ್ನು ದಯವಿಟ್ಟು ಓದಿ. ಸಂಸಾರ ಚೆನ್ನಾಗಿದ್ದರೂ ಓದಿ.

ನಮ್ಮ ಮನೆಯಲ್ಲಿ ಪ್ರತಿ ಜಗಳವೂ ಗಂಡನ ಒಂದೇ ಮಾತಿಗೆ ಬಂದು ನಿಲ್ಲುತ್ತಿತ್ತು. "ನಾನು ಸೈನ್ ಹಾಕದಿದ್ರೆ ನೀನು ಗಂಟುಮೂಟೆ ಕಟ್ಕೊಂಡು ಊರಿಗೆ ಹೋಗ್ಬೇಕು." ಡಿವೋರ್ಸ್ ಆದಮೇಲೆ ಫಾರಂ ತುಂಬಿಕೊಡುವ ಏಜೆಂಟ್ ಒಬ್ಬರ ಹತ್ತಿರ ಹೋದೆ. ಫೀಸ್ ತಗೊಂಡ ಮೇಲೆ ಅವರು ಹೇಳಿದ್ದು: "ಡಿವೋರ್ಸ್ ವಿಷಯ ಎತ್ತೋದೇ ಬೇಡಮ್ಮ, ಜೊತೆಗೇ ಇದ್ದೀವಿ ಅಂತ ಹಾಕೋಣ. ಹೇಗಾದ್ರೂ ನಿನ್ನ ಗಂಡನ ಒಂದು ಸೈನ್ ತಗೊಂಡು ಬಾ." ಸರ್ಕಾರಕ್ಕೆ ಸುಳ್ಳು ಹೇಳು ಅಂತ ತಾನೇ ಅರ್ಥ? ಸಿಕ್ಕಿಬಿದ್ದರೆ ಅನುಭವಿಸಬೇಕಾದವಳು ನಾನು, ಅವರಲ್ಲ. ಆಗಲ್ಲ ಅಂದೆ. ದುಡ್ಡು ವಾಪಸ್ ಬರಲಿಲ್ಲ.

ಆಮೇಲೆ ಇಮಿಗ್ರೇಷನ್ ಲಾಯರ್ ಒಬ್ಬರು ಬಿಡಿಸಿ ಹೇಳಿದರು. ಗಂಡ ಹೆಂಡತಿ ಜೊತೆಗಿದ್ದರೆ ಕಾರ್ಡ್ ಮುಗಿಯುವ ಮುಂಚಿನ 90 ದಿನದಲ್ಲಿ ಇಬ್ಬರೂ ಸೇರಿ ಐ-751 ಹಾಕಬೇಕು, ಅಂದರೆ ಎರಡು ವರ್ಷದ ಕಾರ್ಡನ್ನು ಹತ್ತು ವರ್ಷದ್ದಕ್ಕೆ ಬದಲಿಸಲು ಕೇಳುವ ಫಾರಂ. ಡಿವೋರ್ಸ್ ಆಗಿದ್ದರೆ ಅದೇ ಫಾರಂ ಅನ್ನು ಒಬ್ಬರೇ ಹಾಕಬಹುದು. ಇದಕ್ಕೆ ವೇವರ್, ಅಂದರೆ ವಿನಾಯಿತಿ ಅಂತಾರೆ. ಗಂಡನ ಸೈನ್ ಬೇಡ, ಆ 90 ದಿನಕ್ಕೆ ಕಾಯುವುದೂ ಬೇಡ, ಡಿವೋರ್ಸ್ ಆಯಿತು ಅನ್ನುವ ಕೋರ್ಟಿನ ಡಿಕ್ರೀ ಇರಬೇಕು. ಹೊಡೆತ, ಹಿಂಸೆ ಇದ್ದರೆ ಅದಕ್ಕೇ ಬೇರೆ ವೇವರ್ ಇದೆ, ಡಿವೋರ್ಸ್ ಆಗುವ ತನಕ ಕಾಯಬೇಕಿಲ್ಲ. ಡಿವೋರ್ಸ್ ಕೇಸ್ ಇನ್ನೂ ಕೋರ್ಟಲ್ಲಿದ್ದು ಕಾರ್ಡ್ ಮುಗಿಯುತ್ತಾ ಬಂದಿದ್ದರೆ ಮಾತ್ರ ಸುಮ್ನೆ ಕೂರಬೇಡಿ, ತಕ್ಷಣ ಲಾಯರ್ ನೋಡಿ.

ಮದುವೆ ನಿಜವಾದದ್ದು, ಬರೀ ಕಾರ್ಡಿಗೋಸ್ಕರ ಆದದ್ದಲ್ಲ ಅಂತ ನಾವು ತೋರಿಸಬೇಕು. ನನಗೆ ಜಾಸ್ತಿ ಕಷ್ಟವಾಗಿದ್ದು ಇಲ್ಲೇ. ಮನೆ ಲೀಸ್, ಕರೆಂಟ್ ಬಿಲ್, ಇನ್ಶೂರೆನ್ಸ್, ಎಲ್ಲ ಗಂಡನ ಇಮೇಲಿನಲ್ಲಿ. ಜಂಟಿ ಖಾತೆ ಮುಚ್ಚಿದ ಮೇಲೆ ನನ್ನ ಲಾಗಿನ್ನೂ ಹೋಯಿತು. ನನ್ನ ಹತ್ತಿರ ಉಳಿದಿದ್ದು ಧಾರೆ, ಆರತಕ್ಷತೆಯ ಆಲ್ಬಮ್. ಅದೊಂದೇ ಸಾಲದು, ಮದುವೆಯಾದ ಮೇಲೆ ಒಟ್ಟಿಗೆ ಬಾಳಿದ್ದಕ್ಕೆ ಕಾಗದ ಬೇಕು. ಕೊನೆಗೆ ನಾವಿಬ್ಬರೂ ಸೇರಿ ಹಾಕಿದ್ದ ಟ್ಯಾಕ್ಸ್ ರಿಟರ್ನಿನ ಟ್ರಾನ್ಸ್‌ಕ್ರಿಪ್ಟ್ (ದಾಖಲೆಯ ಪ್ರತಿ) ಅಮೆರಿಕದ ಟ್ಯಾಕ್ಸ್ ಇಲಾಖೆ ಐಆರ್‌ಎಸ್‌ನಿಂದ ನಾನೇ ತರಿಸಿಕೊಂಡೆ. ಅದಕ್ಕೆ ಅವರನ್ನು ಕೇಳಬೇಕಾಗಿಲ್ಲ. ಗಣೇಶನ ಹಬ್ಬಕ್ಕೆ ನಾವಿಬ್ಬರೂ ಹೋಗುತ್ತಿದ್ದ ಮನೆಯ ಆಂಟಿ, ತಾವು ಕಣ್ಣಾರೆ ಕಂಡದ್ದನ್ನೆಲ್ಲ ಎರಡು ಪುಟ ಬರೆದು ಸೈನ್ ಹಾಕಿ ಕೊಟ್ಟರು. ನೀವು ಇವತ್ತೇ ಎಲ್ಲ ಕಾಗದದ ಒಂದೊಂದು ಕಾಪಿ ನಿಮ್ಮ ಸ್ವಂತ ಇಮೇಲಿಗೆ ಹಾಕಿಕೊಳ್ಳಿ.

ಮನೆ ಬಿಟ್ಟು ಬಂದರೆ 10 ದಿನದೊಳಗೆ ಹೊಸ ವಿಳಾಸವನ್ನು ಗ್ರೀನ್ ಕಾರ್ಡ್ ಅರ್ಜಿ ನೋಡುವ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ತಿಳಿಸಿ. ಪೋಸ್ಟ್ ಆಫೀಸಿನಲ್ಲಿ ಬದಲಿಸಿದರೆ ಸಾಲದು. ಬೆರಳಿನ ಗುರುತು ಕೊಡಲು ಕರೆದ ಪತ್ರ ಹಳೇ ಮನೆಗೆ ಹೋದರೆ ಅದನ್ನು ನಿಮಗೆ ತಂದುಕೊಡುವವರು ಯಾರು?

ಕೈಯಲ್ಲಿ ಹತ್ತು ವರ್ಷದ ಕಾರ್ಡೇ ಇದ್ದರೆ ಡಿವೋರ್ಸ್ ಆಯಿತು ಅಂತ ಅದು ಹೋಗುವುದಿಲ್ಲ. ಸಿಟಿಜನ್‌ಶಿಪ್‌ಗೆ ಮಾತ್ರ, ಸಿಟಿಜನ್ ಜೊತೆ ಸಂಸಾರ ಮಾಡುತ್ತಿರುವವರಿಗೆ ಇರುವ 3 ವರ್ಷದ ಬದಲು 5 ವರ್ಷ ಕಾಯಬೇಕು. ಯಾರಿಗೇ ದುಡ್ಡು ಕೊಡುವ ಮುಂಚೆ ಅವರು ನಿಜವಾಗಿ ಲಾಯರ್ ಹೌದಾ ಅಂತ ಅವರ ರಾಜ್ಯದ ಬಾರ್ (ಲಾಯರ್‌ಗಳ ಸಂಸ್ಥೆ) ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಿ.