ಒಂಟಾರಿಯೋದ ಹನ್ನೆರಡನೇ ತರಗತಿ ಇಂಗ್ಲಿಷ್: ಇಬ್ಬರು ಮಕ್ಕಳು ಓದಿದ ಮೇಲೆ ನನಗೆ ಅನ್ನಿಸಿದ್ದು

ಮಗಳು ಈಗ ಯೂನಿವರ್ಸಿಟಿಯಲ್ಲಿದ್ದಾಳೆ. ಮಗ ಹೋದ ವರ್ಷ ಹೈಸ್ಕೂಲ್ ಮುಗಿಸಿದ. ಇಬ್ಬರೂ ಇಎನ್‌ಜಿ4ಯು, ಅಂದರೆ ಯೂನಿವರ್ಸಿಟಿಗೆ ತಯಾರಿ ಮಾಡುವ ಹನ್ನೆರಡನೇ ತರಗತಿಯ ಇಂಗ್ಲಿಷ್ ಕೋರ್ಸ್, ಓದಿದವರು. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಇಂಗ್ಲಿಷ್ ಮಾಧ್ಯಮದ ಹೈಸ್ಕೂಲ್ ಓದಿ ಯೂನಿವರ್ಸಿಟಿಗೆ ಹೊರಟವರು ಈ ಕೋರ್ಸ್ ಮಾಡಲೇಬೇಕು. ವಾಟರ್‌ಲೂ ಯೂನಿವರ್ಸಿಟಿಯಲ್ಲಿ ಇಂಜಿನಿಯರಿಂಗ್ ಸೇರುವುದಕ್ಕೂ ಇದು ಕಡ್ಡಾಯ.

ನಮ್ಮ ಕಡೆಯಿಂದ ಬಂದ ತಂದೆತಾಯಿ ಮೊದಲು ತಿಳಿದುಕೊಳ್ಳಬೇಕಾದ್ದು ಒಂದಿದೆ. ಸೆಕೆಂಡ್ ಪಿಯುಸಿ ಥರ ಇಲ್ಲಿ ಬೋರ್ಡ್ ಪರೀಕ್ಷೆ ಇಲ್ಲ. ಅಂಕ ಕೊಡುವವರು ಕ್ಲಾಸಿನ ಟೀಚರೇ. ಸೆಮಿಸ್ಟರ್ ಪೂರ್ತಿ ಮಾಡಿದ ಕೆಲಸಕ್ಕೆ ಶೇ. 70, ಕೊನೆಯ ಪರೀಕ್ಷೆ ಅಥವಾ ಪ್ರಾಜೆಕ್ಟಿಗೆ ಶೇ. 30. ಇಂಥದ್ದೇ ಪುಸ್ತಕ ಓದಿಸಿ ಅಂತ ಸರ್ಕಾರ ಹೇಳುವುದಿಲ್ಲ. ಹಾಗಾಗಿ ಗೈಡ್ ಬಾಯಿಪಾಠ ಮಾಡಿ ಪಾಸಾಗುವ ಮಾತೇ ಇಲ್ಲ.

ಈ ಕೋರ್ಸಿನ ನಿಜವಾದ ಬೆಲೆ ಪ್ರಬಂಧದಲ್ಲಿದೆ. ಮಗಳ ಮೊದಲ ಪ್ರಬಂಧ ವಾಪಸ್ ಬಂದಾಗ ನಾನೂ ಓದಿದೆ. ನಾಟಕದ ಕಥೆಯನ್ನು ಚೆನ್ನಾಗಿ ಬರೆದಿದ್ದಳು. ಟೀಚರ್ ಅಂಚಿನಲ್ಲಿ ಕೇಳಿದ್ದರು: ಕಥೆ ಗೊತ್ತು, ನಿನ್ನ ವಾದ ಏನು? ಇಲ್ಲಿ ಅಂಕವನ್ನು ನಾಲ್ಕು ಭಾಗ ಮಾಡಿ ನೋಡುತ್ತಾರೆ: ತಿಳಿವಳಿಕೆ, ಯೋಚನೆ, ಹೇಳುವ ರೀತಿ, ಕಲಿತದ್ದನ್ನು ಬಳಸುವುದು. ಅವಳ ಭಾಷೆಗೆ ಒಳ್ಳೆಯ ಅಂಕ ಇತ್ತು, ಯೋಚನೆಗೆ ಕಡಿಮೆ. ಆಮೇಲೆ ಬರೆದದ್ದರಲ್ಲೆಲ್ಲ ಮೊದಲ ಪ್ಯಾರಾದಲ್ಲೇ ಒಂದು ನಿಲುವು ಇರುತ್ತಿತ್ತು. ಅದಕ್ಕೆ ಪುಸ್ತಕದಿಂದ ಒಂದು ಸಾಲು, ಆ ಸಾಲು ಇವಳ ಮಾತನ್ನು ಹೇಗೆ ಎತ್ತಿ ಹಿಡಿಯುತ್ತದೆ ಅನ್ನುವ ವಿವರಣೆ, ಕೊನೆಗೆ ಸರಿಯಾದ ಆಕರ. ಯೂನಿವರ್ಸಿಟಿಯ ಮೊದಲ ವರ್ಷ ಇದೇ ಅವಳ ಕೈ ಹಿಡಿಯಿತು. ಅವಳದು ಬಯಾಲಜಿ, ಸಾಹಿತ್ಯ ಅಲ್ಲ. ಲ್ಯಾಬ್ ರಿಪೋರ್ಟಿನಲ್ಲೂ ಡೇಟಾ ಇಟ್ಟು ಸುಮ್ಮನಾದರೆ ಆಗಲ್ಲ, ಅದರಿಂದ ಏನು ಸಾಬೀತಾಯಿತು ಅಂತ ಹೇಳಬೇಕು ಅಲ್ವಾ?

ಮಗ ಇದೇ ಕೋರ್ಸನ್ನು ಬೇಸಿಗೆಯಲ್ಲಿ ಒಂದು ಖಾಸಗಿ ಆನ್‌ಲೈನ್ ಶಾಲೆಯಲ್ಲಿ ಮಾಡಿದ. ಪಠ್ಯಕ್ರಮ ಅದೇ, ಲೆಕ್ಕಕ್ಕೆ ಅದೇ 110 ಗಂಟೆ. ಅಂಕ ಅಕ್ಕನಿಗಿಂತ ಜಾಸ್ತಿ ಬಂತು. ಆದರೆ ಪ್ರಬಂಧಗಳ ಮೇಲೆ ‘ಚೆನ್ನಾಗಿದೆ’ ಅನ್ನುವುದು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ದುಡ್ಡು ಕೊಟ್ಟು ಕಳಿಸಿದ ನನಗೆ ಇದು ತುಂಬಾ ಬೇಜಾರಿನ ಸಂಗತಿ. ಈಗ ಯೂನಿವರ್ಸಿಟಿಯಲ್ಲಿ ಬರೆಯುವುದನ್ನು ಅಕ್ಕನ ಹತ್ತಿರ ಕೂತು ಕಲಿಯುತ್ತಿದ್ದಾನೆ.

ಎಲ್ಲರಿಗೂ ಒಂದೇ ಪರೀಕ್ಷೆ ಇಲ್ಲದ ಕಾರಣ ಒಂದು ಶಾಲೆಯ 85, ಇನ್ನೊಂದರ 92 ಒಂದೇ ಇರಬಹುದು. ಅಡ್ಮಿಷನ್‌ಗೆ ಮಾತ್ರ ಅಂಕವೇ ಮುಖ್ಯ. ಈ ಅನ್ಯಾಯ ಸರಿಹೋಗಬೇಕು. ಮಾತನಾಡುವ ಅಭ್ಯಾಸವೂ ಕೋರ್ಸಿನ ಒಂದು ಭಾಗ ಅಂತ ಪಠ್ಯಕ್ರಮದಲ್ಲಿದೆ, ಆದರೆ ನಾವು ಕಂಡಂತೆ ಅದು ಒಂದೆರಡು ಪ್ರೆಸೆಂಟೇಷನ್‌ಗೇ ಮುಗಿಯುತ್ತದೆ.

ಸಾಧ್ಯವಾದರೆ ನಿಮ್ಮ ಮಕ್ಕಳಿಗೆ ಇದನ್ನು ಹಗಲು ಶಾಲೆಯಲ್ಲೇ, ಸೆಪ್ಟೆಂಬರ್ ಸೆಮಿಸ್ಟರ್‌ನಲ್ಲಿ ಕೊಡಿಸಿ. ಯೂನಿವರ್ಸಿಟಿಗಳು ಅರ್ಜಿ ನೋಡಿ ತೀರ್ಮಾನಿಸುವ ಹೊತ್ತಿಗೆ ಅಂಕ ಕೈಯಲ್ಲಿರುತ್ತದೆ. ಬೇರೆ ಶಾಲೆಗೇ ಸೇರಿಸುವುದಾದರೆ, ಟೀಚರ್ ತಿದ್ದಿದ ಒಂದು ಹಳೆಯ ಪ್ರಬಂಧವನ್ನು ಹೆಸರು ಮುಚ್ಚಿ ತೋರಿಸಿ ಅಂತ ಫೀಸ್ ಕಟ್ಟುವ ಮೊದಲೇ ಕೇಳಿ.